ಎಡ ಅಂಚಿನ ಹಲ್ಲು

ಫೆಬ್ರವರಿಯ ಮೊದಲ ಶನಿವಾರ, ಮಧ್ಯಾಹ್ನ ಮೂರೂವರೆ. ಹೊರಗೆ ಬೆಳಕು ಆಗಲೇ ನೀಲಿಗೆ ತಿರುಗಿತ್ತು. ಕರ್ಲಿಂಗ್ ಎಂಬ ಮಂಜಿನಾಟದ ಕ್ಲಬ್ಬಿನ ಹಾಲ್‌ನಲ್ಲಿ ಹಾಕಿ ಆಟಗಾರರ ಚಿತ್ರದ ಕಾರ್ಡುಗಳ ಸಂತೆ. ಮೂವತ್ತು ಮೇಜು, ಒದ್ದೆ ಬೂಟುಗಳ ವಾಸನೆ, ಕಾಫಿ ವಾಸನೆ. ನಾನು ಗ್ರೇಡನ್ ಪೆಲ್‌ನ ಮೇಜಿನ ಮುಂದೆ ನನ್ನ ಸರದಿಗಾಗಿ ಕಾಯುತ್ತಿದ್ದೆ.

ನಮ್ಮೂರಿನ ಹಳೆಯ ವ್ಯಾಪಾರಿ ವೆಂಡೆಲ್ ತನ್ನ ಅಂಗಡಿಯ ನೆಲಮಾಳಿಗೆ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದು ಹದಿನೇಳು ದಿನವಾಗಿತ್ತು. ಕೊಂದವನೆಂದು ನನ್ನ ತಮ್ಮ ಟೊಯ್ವೊನನ್ನು ಒಳಗೆ ಹಾಕಿದ್ದರು. ವೆಂಡೆಲ್‌ನ ಬೆಲೆಬಾಳುವ ನಲವತ್ತೊಂದನೇ ನಂಬರಿನ ಹಾಕಿ ಕಾರ್ಡು ಮಾತ್ರ ಎಲ್ಲೂ ಸಿಕ್ಕಿರಲಿಲ್ಲ.

"ಮೂಲೆ ನೋಡಮ್ಮ, ಮೂಲೆ," ಎಂದು ಪೆಲ್ ನನ್ನ ಮುಂದಿದ್ದ ಹೆಂಗಸಿಗೆ ಹೇಳುತ್ತಿದ್ದ. ಅವಳು ಬಿಸ್ಕತ್ತಿನ ಡಬ್ಬದ ತುಂಬ ಹಳೆಯ ಹಾಕಿ ಕಾರ್ಡು ತಂದಿದ್ದಳು. "ನಾಲ್ಕು ಮೂಲೆನೂ ಸವೆದು ಉಂಡೆ ಆಗಿದೆ. ನಿಮ್ಮಪ್ಪ ಇದನ್ನ ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿಕೊಂಡು ಊರೆಲ್ಲಾ ಪಟಪಟ ಅಂತ ಸುತ್ತಿದ್ದಾರೆ."

"ಅಪ್ಪ ಇದನ್ನ ಪ್ರಾಣದ ಹಾಗೆ ನೋಡ್ಕೊಂಡಿದ್ರು!"

"ಹಾಗಾದ್ರೆ ಅವರು ತಮ್ಮ ಪ್ರಾಣನೂ ಚಕ್ರಕ್ಕೆ ಸಿಕ್ಕಿಸಿದ್ದರು ಅನ್ಸುತ್ತೆ. ಡಬ್ಬಕ್ಕೆ ನಲವತ್ತು ಡಾಲರ್ ಕೊಡ್ತೀನಿ. ಬಿಸ್ಕತ್ತು ಉಳಿದಿದ್ರೆ ನಲವತ್ತೈದು."

ಪಕ್ಕದ ಮೇಜಿನವರು ನಕ್ಕರು. ಅವಳು ಡಬ್ಬ ಮುಚ್ಚಿಕೊಂಡು ಬೈಯುತ್ತ ಹೋದಳು. ಪೆಲ್ ನನ್ನ ಕಡೆ ತಿರುಗಿದ. ತೆಳ್ಳಗಿನ ಮನುಷ್ಯ. ಊರೂರು ಸುತ್ತುವ ವ್ಯಾಪಾರಿ. ನಮ್ಮೂರು ಬರ್ಚ್‌ಟನ್ನಿಗೆ ಬಂದಾಗ ಹೆದ್ದಾರಿ ಪಕ್ಕದ ಮೋಟೆಲಿನಲ್ಲಿ ಇರುತ್ತಾನೆ. ಊರಿನವನಲ್ಲವಾದ್ದರಿಂದ ನಾನು ಯಾರ ಅಕ್ಕ ಎಂಬುದು ಅವನಿಗೆ ಗೊತ್ತಿರಲಿಲ್ಲ. ಮದುವೆಯಾದ ಮೇಲೆ ನನ್ನ ಮನೆತನದ ಹೆಸರೂ ಬೇರೆ.

"ನಿಮಗೇನು ಬೇಕಮ್ಮ?"

"ನಿಮ್ಮ ಹತ್ರ ನಲವತ್ತೊಂದು ಇದೆಯಂತೆ. ಗೋಲ್‌ಕೀಪರ್ ವಾಶೋನ ಕಾರ್ಡು. ಒಂದ್ಸಲ ನೋಡ್ಬೇಕು."

"ನೋಡೋಕೆ ಎಲ್ರಿಗೂ ಆಸೆನೇ. ಕೊಳ್ಳೋರು ಬೇಕು ನನಗೆ."

"ನಾನು ಚೂಯಿಂಗ್ ಗಮ್ ಫ್ಯಾಕ್ಟರೀಲಿ ಇದ್ದವಳು. ಗಮ್ ಜೊತೆ ಕೊಡ್ತಿದ್ದ ಈ ಕಾರ್ಡು ಕತ್ತರಿಸೋ ಯಂತ್ರದ ಹತ್ರನೇ."

ಅವನ ಮುಖವೇ ಬೇರೆಯಾಯಿತು. ಕುರ್ಚಿ ಎಳೆದು ಕೊಟ್ಟ. ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವಳೇ "ಹೌದು, ಇದು ನಮ್ಮಲ್ಲಿ ಆದ ಕಾರ್ಡು" ಎಂದು ಒಂದು ಚೀಟಿ ಬರೆದುಕೊಟ್ಟರೆ ಬೆಲೆ ಎಷ್ಟು ಏರುತ್ತದೆಂದು ಅವನ ಕಣ್ಣು ಲೆಕ್ಕ ಹಾಕುತ್ತಿತ್ತು. ನಾನು ಬಂದಿದ್ದೂ ಆ ಆಸೆಯನ್ನು ನಂಬಿಕೊಂಡೇ.

ಕಾರ್ಡನ್ನು ಮೆತ್ತನೆಯ ಲಕೋಟೆಯಿಂದ ಜಾರಿಸಿ ನನ್ನ ಅಂಗೈ ಮೇಲಿಟ್ಟ. ಭೂತಗನ್ನಡಿಯನ್ನೂ ಕೊಟ್ಟ.

ವಾಶೋ ಹಾಗೇ ಇದ್ದ. ಹಸಿರು ಅಂಗಿ, ಮುಖಕ್ಕೆ ಕವಚವಿಲ್ಲ, ಗದ್ದದ ಮೇಲೆ ಹೊಲಿಗೆ ಗುರುತು. ನಾನು ಹದಿನಾಲ್ಕು ವರ್ಷದವಳಿದ್ದಾಗ ಈ ಮುಖವನ್ನು ದಿನಕ್ಕೆ ಸಾವಿರ ಸಲ ನೋಡಿದ್ದೇನೆ. ಮುಖ ನೋಡಲು ನಾನು ಬಂದಿರಲಿಲ್ಲ. ಎಡ ಅಂಚಿನ ಮೇಲೆ, ಭುಜದಿಂದ ಸ್ವಲ್ಪ ಕೆಳಗೆ, ಹೆಬ್ಬೆರಳು ಆಡಿಸಿದೆ.

ನುಣುಪಾಗಿತ್ತು.

ಇದೇ ಅಂಚನ್ನು ನೋಡಿ ಪೊಲೀಸರು ಪೆಲ್‌ನನ್ನು ಬಿಟ್ಟಿದ್ದರು. ವೆಂಡೆಲ್ ತನ್ನ ಕಾರ್ಡಿನ ಫೋಟೋ ತೆಗೆದಿಟ್ಟಿದ್ದ. ಅದರಲ್ಲಿ ಎಡ ಅಂಚಿನಲ್ಲಿ ಎಳ್ಳಿಗಿಂತ ಚಿಕ್ಕದೊಂದು ಹಲ್ಲು ಎದ್ದು ಕಾಣುತ್ತದೆ. ಪೆಲ್ ಹತ್ತಿರ ಇರುವುದಕ್ಕೆ ಹಲ್ಲಿಲ್ಲ. ಹಾಗಾದರೆ ಇದು ಬೇರೆ ಕಾರ್ಡು, ವೆಂಡೆಲ್‌ನದನ್ನು ಟೊಯ್ವೊನೇ ಎಲ್ಲೋ ಅಡಗಿಸಿದ್ದಾನೆ ಎಂದು ಅವರ ತೀರ್ಮಾನ.

ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಹಲ್ಲಿಲ್ಲದ ನಲವತ್ತೊಂದು ಹುಟ್ಟಿಯೇ ಇಲ್ಲ.

ನನಗೆ ಹದಿನಾಲ್ಕಾಗಿದ್ದ ಆ ಚಳಿಗಾಲದಲ್ಲಿ ಕಾರ್ಡಿನ ಹಾಳೆಗಳನ್ನು ಜೋಡಿಸಿ ಕತ್ತಿಯ ಕೆಳಗೆ ತಳ್ಳುವುದು ನನ್ನ ಕೆಲಸ. ಒಂದು ಸಂಜೆ ಬಗ್ಗಿದಾಗ ತಲೆಯಿಂದ ಹೇರ್‌ಪಿನ್ನು ಜಾರಿ ಹಾಳೆಗಳ ನಡುವೆ ಬಿತ್ತು. ಕತ್ತಿ ಇಳಿಯಿತು. ಟಕ್ ಎಂದು ಒಂದು ಸದ್ದು. ಪಿನ್ನು ಬಾಗಿತು, ಕತ್ತಿಯ ಬಾಯಿ ಒಂದು ಕಡೆ ಮುಕ್ಕಾಯಿತು. ನಾನು ಪಿನ್ನು ಎತ್ತಿ ಜೇಬಿಗೆ ಹಾಕಿಕೊಂಡೆ, ಯಾರಿಗೂ ಹೇಳಲಿಲ್ಲ.

ಹೊಸ ಕತ್ತಿ ಬರಲು ಆರು ವಾರ ಹಿಡಿಯಿತು. ವಾಶೋ ತಂಡಕ್ಕೆ ತಡವಾಗಿ ಸೇರಿದವನು. ಅವನ ಕಾರ್ಡು ಅಚ್ಚಾಗಿ ಕತ್ತರಿಸಿದ್ದು ಆ ಆರು ವಾರದಲ್ಲಿ ಮಾತ್ರ. ಹಾಳೆಯಲ್ಲಿ ಅವನ ಜಾಗ ಸರಿಯಾಗಿ ಆ ಮುಕ್ಕಿನ ಕೆಳಗೇ ಬರುತ್ತಿತ್ತು. ಮುಕ್ಕಿದ್ದಲ್ಲಿ ಕಾಗದ ಕತ್ತರಿಸದೆ ಹರಿದು, ಸಣ್ಣ ಹಲ್ಲಾಗಿ ನಿಲ್ಲುತ್ತಿತ್ತು. ಒಂದೊಂದು ಕಾರ್ಡಿಗೂ.

ಮೇಸ್ತ್ರಿ ಕತ್ತಿಯ ಮುಕ್ಕು ಕಂಡಾಗ ಯಂತ್ರ ನಡೆಸುತ್ತಿದ್ದ ಇರ್ಯಾಳನ್ನು ಕೆಲಸದಿಂದ ಕಿತ್ತುಹಾಕಿದ. ಅವಳು ಅಳುತ್ತ ಕೋಟು ಹಾಕಿಕೊಂಡದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಾನು ಆಗಲೂ ಬಾಯಿ ಬಿಡಲಿಲ್ಲ. ಮನೆಯಲ್ಲಿ ನನ್ನ ಸಂಬಳ ಬೇಕಿತ್ತು. ಟೊಯ್ವೊಗೆ ಆಗ ಎಂಟು ವರ್ಷ.

ಐವತ್ತೆಂಟು ವರ್ಷದ ಮೇಲೆ ಈ ಮಾತನ್ನು ಮೊದಲ ಸಲ ಹೇಳಿದ್ದು ವೆಂಡೆಲ್‌ಗೆ. ಜನವರಿಯ ಎರಡನೇ ವಾರ, ಅವನ ಅಂಗಡಿಯಲ್ಲಿ ಕಾಫಿ ಕುಡಿಯುತ್ತ. ಅವನೊಬ್ಬನಿಗೇ. ಟೊಯ್ವೊಗೂ ಹೇಳಿರಲಿಲ್ಲ. ಅದಾಗಿ ವಾರಕ್ಕೆ ವೆಂಡೆಲ್ ಸತ್ತ.

"ಯಾಕಮ್ಮ, ಬೆರಳು ಅಲ್ಲೇ ನಿಂತುಬಿಡ್ತು?" ಎಂದ ಪೆಲ್.

ನಾನು ತಲೆ ಎತ್ತಿದೆ. ಅವನ ಮುಖದಲ್ಲಿ ನಗುವಿರಲಿಲ್ಲ.

"ಏನಿಲ್ಲ."

"ಅವನೂ ಅಲ್ಲೇ ಬೆರಳಿಟ್ಟ," ಎಂದು ಅವನು ದನಿ ತಗ್ಗಿಸಿದ. "ವೆಂಡೆಲ್. ಸಾಯೋ ಹಿಂದಿನ ದಿನ, ಮೋಟೆಲಿಗೆ ಬಂದಿದ್ದ. ಅದೇ ಜಾಗ. ಅದೇ ಥರ ಬಾಯಿ ಮುಚ್ಕೊಂಡ."

ಹಾಲ್‌ನ ಗದ್ದಲವೆಲ್ಲ ಎಲ್ಲೋ ದೂರ ಹೋದಂತಾಯಿತು. ಎದ್ದು ಓಡಬೇಕೆನಿಸಿತು. ಓಡುವ ಬದಲು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ.

"ಆಮೇಲೆ ಏನಂದ?"

"'ಇದು ನಂದು, ಯಾರೋ ಅಂಚು ಉಜ್ಜಿದ್ದಾರೆ' ಅಂದ. ಅಂಗಡಿಗೆ ಹೋಗಿ ನೋಡಿದ್ರೆ ತನ್ನ ಕಾರ್ಡು ಅಲ್ಲಿ ಇರೋಲ್ಲ ಅಂತ ಈಗ್ಲೇ ಗೊತ್ತು ಅಂದ. ಯಾರು ಮಾರಿದ್ದು ಹೇಳು ಅಂದ."

"ಹೇಳಿದ್ರಾ?"

ಪೆಲ್ ಕಾರ್ಡನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡ. ಅದನ್ನು ಅಂಗೈಯಲ್ಲಿ ಮರೆಮಾಡಿ ಹಾಲ್‌ನ ಬಾಗಿಲ ಕಡೆ ಎರಡು ಸಲ ನೋಡಿದ. ಅಲ್ಲಿಯವರೆಗೆ ನಾನು ಒಬ್ಬ ಕೊಲೆಗಾರನ ಮುಂದೆ ಕೂತಿದ್ದೇನೆ ಅಂದುಕೊಂಡಿದ್ದೆ. ಈ ಮನುಷ್ಯ ನನಗಿಂತ ಹೆಚ್ಚು ಹೆದರಿದ್ದ.

"ಹೇಳಿದೆ. ಮರುದಿನ ವೆಂಡೆಲ್ ಇಲ್ಲ. ಇನ್ನೊಂದ್ಸಲ ಆ ಹೆಸರು ನನ್ನ ಬಾಯಲ್ಲಿ ಬರಲ್ಲ, ಅಜ್ಜಿ. ಪೊಲೀಸರ ಮುಂದೇನೂ ಬರಲಿಲ್ಲ."

"ಒಬ್ಬ ಮನುಷ್ಯ ಜೈಲಲ್ಲಿದ್ದಾನೆ, ಪೆಲ್."

"ಗೊತ್ತು. ಎಲ್ಲರೂ ಈಗ ಎಲ್ಲೆಲ್ಲಿದ್ದಾರೋ ಅಲ್ಲಲ್ಲೇ ಇರ್ಲಿ. ನನಗೆ ರಾತ್ರಿ ನಿದ್ದೆ ಬರುತ್ತೆ."

ಈ ಮಾತು ಕೇಳಿಸಿತು, ಅರ್ಥವೂ ಆಯಿತು. ಆದರೂ ಅದನ್ನು ಮನಸ್ಸಿನೊಳಗೆ ಬಿಟ್ಟುಕೊಳ್ಳಲಿಲ್ಲ. ಭೂತಗನ್ನಡಿ ಇನ್ನೂ ನನ್ನ ಕೈಯಲ್ಲೇ ಇತ್ತು.

"ಒಂದೇ ಸಲ, ಇನ್ನೊಮ್ಮೆ ತೋರಿಸಿ. ಆಮೇಲೆ ಹೋಗ್ತೀನಿ."

ಅವನು ತಾನೇ ಹಿಡಿದು ತೋರಿಸಿದ. ಬಲ ಅಂಚು ಹಳೆಯ ಕಾಗದದ ಕೆನೆ ಬಣ್ಣ. ಎಡ ಅಂಚಿನುದ್ದಕ್ಕೂ ಒಂದು ಬೂದು ಗೆರೆ, ಕೂದಲಷ್ಟು ತೆಳು. ನಡುನಡುವೆ ಸೂಜಿಮೊನೆಯ ಹಾಗೆ ಮಿನುಗುವ ಚುಕ್ಕಿಗಳು.

"ಪೆನ್ಸಿಲ್ ಧೂಳು ಇರ್ಬೇಕು," ಎಂದ ಪೆಲ್.

ಪೆನ್ಸಿಲ್ ಧೂಳು ಮಿನುಗುವುದಿಲ್ಲ. ಆ ಬೂದು ಬಣ್ಣವನ್ನು ನಾನು ನಲವತ್ತು ವರ್ಷ ಒಗೆದಿದ್ದೇನೆ. ಅಂಗಿಯ ತೋಳಿನಿಂದ, ಕಾಲರಿನಿಂದ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅದು ಹಿಮದ ಮೇಲೆ ಜಾರುವ ಸ್ಕೇಟು ಬೂಟುಗಳ ಅಲಗು ಮಸೆಯುವ ಕಲ್ಲಿನಿಂದ ಹಾರುವ ಉಕ್ಕಿನ ಧೂಳು.

ಬರ್ಚ್‌ಟನ್ನಿನಲ್ಲಿ ಹಾಕಿಯಾಡುವ ಮಂಜಿನ ಅಂಗಳ, ಐಸ್ ರಿಂಕ್‌ನಲ್ಲಿ ಸ್ಕೇಟು ಮಸೆಯುವವನು ಒಬ್ಬನೇ. ಟೊಯ್ವೊ.

"ಚೀಟಿ ಬರೆದುಕೊಡ್ತೀರಾ?" ಪೆಲ್‌ನ ದನಿಯಲ್ಲಿ ಆಸೆ ಇನ್ನೂ ಪೂರ್ತಿ ಸತ್ತಿರಲಿಲ್ಲ.

"ನನಗೆ ಬರೆಯೋಕೆ ಅಷ್ಟಾಗಿ ಬರಲ್ಲ," ಎಂದು ಎದ್ದೆ.

ಭಾನುವಾರ ಇಡೀ ದಿನ ಅಡುಗೆಮನೆಯಲ್ಲಿ ಕೂತೆ. ರಿಂಕ್‌ನ ಮಸೆಯುವ ಕೋಣೆಗೆ ಯಾರು ಬೇಕಾದರೂ ಹೋಗಬಹುದು, ಬೀಗವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತ ಹಿಟ್ಟು ನಾದಿ ಏಲಕ್ಕಿ ಬ್ರೆಡ್ಡು ಮಾಡಿದೆ. ಟೊಯ್ವೊಗೆ ಅದೆಂದರೆ ಪ್ರಾಣ. ಅವ್ವ ಸತ್ತ ಮೇಲೆ ಅವನನ್ನು ಬೆಳೆಸಿದವಳು ನಾನು. ಅವನಿಗೆ ಈಗ ಅರವತ್ತಾರು ವರ್ಷ. ಅಪರಾಧ ಸಾಬೀತಾದರೆ ಅವನು ಹೊರಗೆ ಬರುವುದು ಶವಪೆಟ್ಟಿಗೆಯಲ್ಲಿ.

ಸೋಮವಾರ ಬೆಳಿಗ್ಗೆ ಸಾರ್ಜೆಂಟ್ ಡೆಲ್ಫೀನ್ ಶಾರೆಟ್‌ಳ ಮುಂದೆ ಕೂತೆ. ಈ ಕೇಸು ಅವಳದೇ. ನನ್ನ ಮಗಳ ವಯಸ್ಸು, ಮಾತು ಚುರುಕು.

ಹಲ್ಲಿನ ಕಥೆ ಹೇಳಿದೆ. ಹೇರ್‌ಪಿನ್ನು, ಮುಕ್ಕಾದ ಕತ್ತಿ, ಇರ್ಯಾ, ಆರು ವಾರ, ಎಲ್ಲ. ಅವಳು ಬರೆದುಕೊಳ್ಳುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಅಂದ್ರೆ ಪೆಲ್ ಹತ್ರ ಇರೋದೇ ವೆಂಡೆಲ್ ಕಾರ್ಡು ಇರಬಹುದು. ಅಂಚು ತೆಗೆದುಬಿಟ್ಟಿದ್ದಾರೆ."

"ಹಲ್ಲಿಲ್ಲದೆ ಅದು ಹುಟ್ಟೋಕೆ ಸಾಧ್ಯ ಇಲ್ಲಮ್ಮ."

"ಆ ಪಿನ್ನು ಇನ್ನೂ ಇದೆಯಾ?"

"ಕಾಫಿ ಡಬ್ಬದಲ್ಲಿ. ಅಡುಗೆಮನೆ ಮೇಲಿನ ಶೆಲ್ಫಲ್ಲಿ."

"ಅಲ್ಲೇ ಇರ್ಲಿ, ಮುಟ್ಟಬೇಡಿ. ಕಾರ್ಡನ್ನ ಇವತ್ತೇ ವಶ ಮಾಡ್ಕೊಂಡು ಪ್ರಯೋಗಾಲಯಕ್ಕೆ ಕಳಿಸ್ತೀನಿ. ಶುಕ್ರವಾರ ಉತ್ತರ ಬರುತ್ತೆ. ಗುರುವಾರ ಬೆಳಿಗ್ಗೆ ನಾನೇ ಬಂದು ಪಿನ್ನು ತಗೋತೀನಿ. ಅಲ್ಲೀತನಕ ಪಿನ್ನಿನ ಮಾತು ಈ ಕೋಣೆ ದಾಟಬಾರದು. ನಿಮ್ಮ ತಮ್ಮನಿಗೂ ಹೇಳಬೇಡಿ." ಆಮೇಲೆ ಪೆನ್ನು ಕೆಳಗಿಟ್ಟು, "ಇನ್ನೇನಾದ್ರೂ ಇದೆಯಾ, ಹಿಲ್ಮಜ್ಜಿ?" ಎಂದಳು.

ಬೂದು ಗೆರೆಯ ಮಾತು ನಾಲಿಗೆಯ ತುದಿಯಲ್ಲಿತ್ತು. ಪೆಲ್ ಹೇಳಿದ ಮಾತೂ ಇತ್ತು. ಹದಿನಾಲ್ಕು ವರ್ಷದವಳಾಗಿ ಮೇಸ್ತ್ರಿಯ ಮುಂದೆ ನಿಂತಿದ್ದ ಹಾಗೇ ಕೂತಿದ್ದೆ.

"ಇಲ್ಲ," ಎಂದೆ.

ಕಾರ್ಡಿನ ಬಗ್ಗೆ ಹೊಸ ಅನುಮಾನ ಎದ್ದದ್ದರಿಂದ ಮಂಗಳವಾರ ಮಧ್ಯಾಹ್ನ ಟೊಯ್ವೊ ಜಾಮೀನಿನ ಮೇಲೆ ಹೊರಬಂದ. ಜಾಮೀನು ನನ್ನದೇ. ನನ್ನ ಮನೆಯಲ್ಲೇ ಇರಬೇಕು, ಒಬ್ಬನೇ ಹೊರಗೆ ಹೋಗಬಾರದು, ಹೋದರೆ ನಾನು ತಿಳಿಸಬೇಕು ಎಂದು ನ್ಯಾಯಾಧೀಶರು ಎರಡೆರಡು ಸಲ ಹೇಳಿ ನನ್ನಿಂದ ಒಪ್ಪಿಗೆ ಪಡೆದರು. ಸಹಿ ಹಾಕಿದೆ. ನನಗೆ ಚೆನ್ನಾಗಿ ಬರೆಯಲು ಬರುವುದು ನನ್ನ ಹೆಸರೊಂದೇ.

ಮನೆಗೆ ಬಂದವನು ಬ್ರೆಡ್ಡು ತಿಂದ, ಸೌನಾದ ಹಬೆಯಲ್ಲಿ ಒಂದು ಗಂಟೆ ಕೂತು ಕೆಂಪಗಾಗಿ ಬಂದ.

"ಜೈಲಿನ ಕಾಫಿ ಕುಡಿದ ಮೇಲೆ ನಿನ್ನ ಕಾಫಿನೂ ಚೆನ್ನಾಗಿದೆ ಅನ್ಸುತ್ತೆ, ಅಕ್ಕಾ," ಎಂದ.

"ಇನ್ನೊಂದು ತಿಂಗಳು ಅಲ್ಲೇ ಇದ್ದಿದ್ರೆ ನನ್ನ ಮೀನಿನ ಸಾರನ್ನೂ ಹೊಗಳ್ತಿದ್ದೆ."

ಇಬ್ಬರೂ ನಕ್ಕೆವು. ನಗುವಾಗ ಅವನ ಕೈ ನೋಡಿದೆ. ಜೈಲಿನ ಅಷ್ಟು ದಿನದ ಸೋಪಿನಲ್ಲೂ ಉಗುರಿನ ಸಂದಿಯ ಬೂದು ಹೋಗಿರಲಿಲ್ಲ.

ಐದು ಗಂಟೆಗೆ ಎದ್ದು ಕೆಂಪು ಟೋಪಿ ಹಾಕಿಕೊಂಡ.

"ಎಲ್ಲಿಗೋ?"

"ರಿಂಕಿಗೆ. ಕಲ್ಲು ಹೇಗಿದೆಯೋ ಏನೋ. ಬೇಗ ಬಂದ್ಬಿಡ್ತೀನಿ."

"ಹೋಗಬಾರದು ಅಂದಿದ್ದಾರೆ, ಟೊಯ್ವೊ."

"ನೀನು ಹೇಳಿದ್ರೆ ತಾನೇ ಅವರಿಗೆ ಗೊತ್ತಾಗೋದು?"

ಏಳೂವರೆಗೆ ಬಂದ. ಬೂಟಿನ ಮೇಲೆ ಮಂಡಿಯವರೆಗೂ ಹಿಮ. ನಮ್ಮ ಮನೆಯಿಂದ ರಿಂಕಿನವರೆಗೆ ರಸ್ತೆಯ ಹಿಮ ಪೂರ್ತಿ ತೆಗೆದಿರುತ್ತಾರೆ. ಕೇಳಲಿಲ್ಲ. ಸಾರ್ಜೆಂಟ್‌ಗೆ ಫೋನೂ ಮಾಡಲಿಲ್ಲ.

ಬುಧವಾರ ಬೆಳಿಗ್ಗೆ ಅವಳೇ ಫೋನ್ ಮಾಡಿದಳು.

"ಪೆಲ್ ಕಾಣ್ತಿಲ್ಲ, ಅಜ್ಜಿ. ಕಾರ್ಡು ವಶ ಮಾಡ್ಕೊಂಡಾಗ, ಇವತ್ತು ಬಂದು ಹೇಳಿಕೆ ಕೊಡ್ತೀನಿ ಅಂದಿದ್ದ. ಬರಲಿಲ್ಲ. ನಿನ್ನೆ ಸಂಜೆಯಿಂದ ಯಾರೂ ನೋಡಿಲ್ಲ."

"ಊರು ಬಿಟ್ಟಿರಬೇಕು."

"ಕಾರು ಮೋಟೆಲ್ ಮುಂದೇ ಇದೆ. ಎಂಜಿನ್ ಬೆಚ್ಚಗಿಡೋ ವೈರು ಇನ್ನೂ ಪ್ಲಗ್ಗಲ್ಲೇ ಇದೆ. ಕೋಟು ಗೂಟದಲ್ಲಿ ನೇತಾಡ್ತಿದೆ." ಕಾಗದ ಮಗುಚಿದ ಸದ್ದಾಯಿತು. "ಹೊರಗೆ ಮೈನಸ್ ಮೂವತ್ತೊಂದು ಡಿಗ್ರಿ. ಕೋಟಿಲ್ಲದೆ ಯಾರು ಎಲ್ಲಿಗೆ ನಡ್ಕೊಂಡು ಹೋಗ್ತಾರೆ? ನಿಮ್ಮ ತಮ್ಮ ನಿನ್ನೆ ಮನೆಯಲ್ಲೇ ಇದ್ರಲ್ವಾ?"

ಟೊಯ್ವೊ ಮೇಜಿನ ಆ ಕಡೆ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ಚಾಕು ನಿಂತಿತು. ತಲೆ ಎತ್ತದೆ ಕೇಳಿಸಿಕೊಳ್ಳುತ್ತಿದ್ದ.

"ಇದ್ದ," ಎಂದೆ.

ಫೋನಿಟ್ಟೆ. ಚಾಕು ಮತ್ತೆ ಸವರತೊಡಗಿತು. ಗಡಿಯಾರ, ಒಲೆ, ಚಾಕು.

"ಯಾರು ಕಾಣ್ತಿಲ್ವಂತೆ?"

"ಒಬ್ಬ ಕಾರ್ಡು ವ್ಯಾಪಾರಿ."

"ಓ." ಬ್ರೆಡ್ಡು ಕಚ್ಚಿ, ಅಗಿದು, ನುಂಗಿದ. "ನೀನು ಯಾಕೆ ಬೆಳ್ಳಗಾಗಿದ್ದೀಯಾ? ಕೂತ್ಕೋ. ಒಂದು ಕೇಳ್ಬೇಕಿತ್ತು ನಿನ್ನ. ಜೈಲಲ್ಲಿ ಹೊತ್ತು ಹೋಗಲ್ವಲ್ಲ, ಹಳೇದೆಲ್ಲಾ ನೆನಪಾಗುತ್ತೆ."

"ಏನು?"

"ನಿನ್ನ ಆ ಬಾಗಿದ ಹೇರ್‌ಪಿನ್ನು ಇನ್ನೂ ಇಟ್ಕೊಂಡಿದ್ದೀಯಾ, ಅಕ್ಕಾ?"

ಪಿನ್ನಿನ ಮಾತು ಕೇಳಿದವರು ಲೋಕದಲ್ಲಿ ಇಬ್ಬರೇ. ಸಾರ್ಜೆಂಟ್ ಒಬ್ಬಳು, ಅವಳು ಹೇಳುವವಳಲ್ಲ. ಇನ್ನೊಬ್ಬ ವೆಂಡೆಲ್. ಅವನಿಗೆ ನಾನು ಹೇಳಿದ್ದು ಜನವರಿಯಲ್ಲಿ. ಕ್ರಿಸ್‌ಮಸ್ ಆದಮೇಲೆ ವೆಂಡೆಲ್‌ನ ಮುಖವನ್ನೇ ನೋಡಿಲ್ಲ ಎಂದು ಟೊಯ್ವೊ ಪೊಲೀಸರ ಮುಂದೆ, ವಕೀಲರ ಮುಂದೆ, ನನ್ನ ಮುಂದೆ ಆಣೆ ಇಟ್ಟಿದ್ದ.

"ಯಾವ ಪಿನ್ನು?" ಎಂದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು.

ಅವನು ನನ್ನನ್ನು ನೋಡಿದ. ಎಂಟು ವರ್ಷದ ಹುಡುಗನಾಗಿದ್ದಾಗ ಸುಳ್ಳು ಹೇಳಿ ಸಿಕ್ಕಿಬಿದ್ದರೆ ನೋಡುತ್ತಿದ್ದ ನೋಟವೇ. ಆದರೆ ಈಗ ಸಿಕ್ಕಿಬಿದ್ದವಳು ನಾನು.

"ಹೋಗ್ಲಿ ಬಿಡು," ಎಂದು ನಕ್ಕ. ಅವನ ಕಣ್ಣು ಮಾತ್ರ ಮೇಲಿನ ಶೆಲ್ಫಿನ ಮೇಲೆ ಒಂದೊಂದಾಗಿ ಡಬ್ಬಗಳನ್ನು ಎಣಿಸುತ್ತ ಹೋಯಿತು. "ಬ್ರೆಡ್ಡು ಚೆನ್ನಾಗಿದೆ."

ಆ ರಾತ್ರಿ ನನ್ನ ಕೋಣೆಯ ಬಾಗಿಲಿಗೆ ಕುರ್ಚಿ ಒತ್ತಿಟ್ಟು ಮಲಗಿದೆ. ನಾನೇ ಎತ್ತಿ ಆಡಿಸಿದ ತಮ್ಮನಿಗೆ ಹೆದರಿ.

ಬೆಳಿಗ್ಗೆ ಎದ್ದಾಗ ಅವನ ಹಾಸಿಗೆ ಮಡಿಸಿಟ್ಟಿತ್ತು. ಬೂಟು ಇರಲಿಲ್ಲ, ಕೆಂಪು ಟೋಪಿ ಇರಲಿಲ್ಲ. ಗೂಟದಲ್ಲಿ ನನ್ನ ಮನೆಯ ಬೀಗದ ಕೈ ನೇತುಹಾಕಿ ಹೋಗಿದ್ದ. ಕುರ್ಚಿ ಹತ್ತಿ ಕಾಫಿ ಡಬ್ಬ ಇಳಿಸಿದೆ. ಮುಚ್ಚಳ ಬಿಗಿಯಾಗಿಯೇ ಇತ್ತು. ಒಳಗೆ ಏನೂ ಇರಲಿಲ್ಲ. ತಳದಲ್ಲಿ ಪಿನ್ನು ಇದ್ದ ಜಾಗದಲ್ಲಿ ತುಕ್ಕಿನದೊಂದು ಬಾಗಿದ ಗುರುತು, ಅದರ ಪಕ್ಕದಲ್ಲಿ ಬೂದು ಬಣ್ಣದ ಒಂದು ಬೆರಳಚ್ಚು.

ಹೊರಗೆ ಹಿಮದ ಮೇಲೆ ಚಕ್ರಗಳ ಸದ್ದಾಯಿತು. ಸಾರ್ಜೆಂಟ್ ಹೇಳಿದ ಹೊತ್ತಿಗೆ ಬಂದಿದ್ದಳು. ಬಾಗಿಲು ತಟ್ಟಿದಳು.

"ಹಿಲ್ಮಜ್ಜೀ, ನಾನು. ಪಿನ್ನು ತಗೊಂಡು ಹೋಗೋಕೆ ಬಂದೆ. ತಮ್ಮ ಎದ್ದಿದ್ದಾರಾ?"

ಡಬ್ಬ ಹಿಡಿದುಕೊಂಡು ಬಾಗಿಲ ಈ ಕಡೆ ನಿಂತೆ. ಪಕ್ಕದಲ್ಲೇ ಸಿಂಕು, ನಲ್ಲಿ, ಒದ್ದೆ ಬಟ್ಟೆ. ಒಂದು ಸಲ ಒರೆಸಿದರೆ ಆ ಬೆರಳಚ್ಚು ಹೋಗುತ್ತದೆ. ಅವಳು ಮತ್ತೆ ತಟ್ಟಿದಳು.

ಪೆಲ್ ಹೋದದ್ದು ಮಂಗಳವಾರ, ಕೋಟಿಲ್ಲದೆ. ಟೊಯ್ವೊ ಹೋದದ್ದು ಗುರುವಾರ. ಆಮೇಲೆ ಇಬ್ಬರನ್ನೂ ಯಾರೂ ಕಂಡಿಲ್ಲ.